ಅಂಗಡಿಯ ಬಣ್ಣ ಅಂಗಡಿಗೇ ಇರಲಿ: ಟಿವಿ ಚಿತ್ರವನ್ನು ಹದಕ್ಕೆ ತರುವ ಸೂತ್ರಗಳು

ಚನ್ನಗಿರಿಯಲ್ಲಿ ಅಡಿಕೆ ದುಡ್ಡು ಕೈಗೆ ಬಂದಾಗ, ಹೊನ್ನಾಳಿ ಬಯಲಿನಲ್ಲಿ ಭತ್ತದ ಕಟಾವು ಮುಗಿದಾಗ, ನ್ಯಾಮತಿ, ಜಗಳೂರು ಕಡೆ ಮೆಕ್ಕೆಜೋಳದ ಲೋಡು ಹೋದ ಮೇಲೆ ಮನೆಗೊಂದು ದೊಡ್ಡ ಟಿವಿ ಬರುವುದು ಈಗ ಸಾಮಾನ್ಯ. ಮನೆಮಂದಿಯೆಲ್ಲ ಸೇರಿ ಇಂಚು ಲೆಕ್ಕ ಹಾಕಿ, ನಾಲ್ಕು ಅಂಗಡಿ ತಿರುಗಿ ತಂದಿರುತ್ತಾರೆ. ಕಂಪನಿಯ ಹುಡುಗ ಬಂದು ಗೋಡೆಗೆ ಹೊಡೆದು, ವೈಫೈ ಜೋಡಿಸಿ, ರಿಮೋಟ್ ಕೈಗಿತ್ತು ಹೋಗುತ್ತಾನೆ. ಆಮೇಲೆ ಆ ಟಿವಿ ಕೆಟ್ಟು ಮೂಲೆ ಸೇರುವವರೆಗೂ ಪಿಕ್ಚರ್ ಮೆನು ಯಾರೂ ತೆರೆಯುವುದಿಲ್ಲ. ಧಾರಾವಾಹಿಯವರ ಮುಖ ಕಿತ್ತಳೆ, ಗದ್ದೆಯೆಲ್ಲ ಗಿಳಿಹಸಿರು, ರಾತ್ರಿಯ ದೃಶ್ಯ ಬರೀ ಕಪ್ಪು. ಟಿವಿ ಇರುವುದೇ ಹೀಗೆ ಎಂದುಕೊಂಡು ನೋಡುತ್ತೇವೆ.

ಟಿವಿ ಇರುವುದು ಹೀಗಲ್ಲ. ಒಂದು ಸಂಜೆ, ಒಂದು ರಿಮೋಟ್, ಸ್ವಲ್ಪ ತಾಳ್ಮೆ ಇದ್ದರೆ ಅದೇ ಟಿವಿಯಲ್ಲಿ ಬೇರೆಯದೇ ಚಿತ್ರ ಕಾಣುತ್ತದೆ. ಒಂದು ತತ್ವ ಮನಸ್ಸಿನಲ್ಲಿರಲಿ: ಚಿತ್ರವನ್ನು ಚೆಂದ ಮಾಡುವ ಕೆಲಸವನ್ನು ಛಾಯಾಗ್ರಾಹಕರು, ಬಣ್ಣ ತಿದ್ದುವವರು ಆಗಲೇ ಮಾಡಿ ಮುಗಿಸಿದ್ದಾರೆ. ಅದರ ಮೇಲೆ ಟಿವಿ ತಾನಾಗಿ ಬಳಿಯುವುದನ್ನು ತೆಗೆದುಹಾಕಿದರೆ ನಮ್ಮ ಕೆಲಸ ಆಯಿತು. ಕೆಳಗಿನ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ ಒಂದನ್ನು ಸರಿಮಾಡುವಾಗ ಇನ್ನೊಂದು ಕೆಡುತ್ತದೆ.

1. ಮೊದಲು ವೈರ್ ನೋಡಿ

ಟಿವಿಯ ಹಿಂದೆ ಕೈ ಹಾಕಿ. ಸೆಟ್‌ಟಾಪ್ ಬಾಕ್ಸ್‌ನಿಂದ ಬರುವುದು ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ವೈರೋ, ಚಪ್ಪಟೆ ಬಾಯಿಯ ಎಚ್‌ಡಿಎಂಐ ಕೇಬಲ್ಲೋ? ಬಾಕ್ಸ್‌ನಲ್ಲಿ ಎಚ್‌ಡಿಎಂಐ ತೂತು ಇದ್ದರೂ ಹಳೇ ಟಿವಿಯ ಎವಿ ವೈರನ್ನೇ ಚುಚ್ಚಿಕೊಂಡಿರುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಆ ಹಳದಿ ಪಿನ್ ಇಡೀ ಚಿತ್ರವನ್ನು, ಬೆಳಕು ಬಣ್ಣ ಎರಡನ್ನೂ, ಒಂದೇ ತಂತಿಯಲ್ಲಿ ಕಲಸಿ ಕಳಿಸುತ್ತದೆ. ಕಲಸಿದ್ದನ್ನು ಟಿವಿ ಪೂರ್ತಿ ಬಿಡಿಸಲಾರದು. ಎಚ್‌ಡಿಎಂಐ ಹಾಕಿ, ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ವಿಡಿಯೊ ಔಟ್‌ಪುಟ್ 576ರಲ್ಲಿದ್ದರೆ 1080ಕ್ಕೆ ಬದಲಿಸಿ. ಎಚ್‌ಡಿ ಬಾಕ್ಸ್ ಇಟ್ಟುಕೊಂಡು ಎಸ್‌ಡಿ ಚಾನೆಲ್ ನೋಡುತ್ತಿದ್ದರೆ, ದಿನಾ ನೋಡುವ ಒಂದೆರಡು ಕನ್ನಡ ಚಾನೆಲ್ಲಿಗಾದರೂ ಎಚ್‌ಡಿ ಹಾಕಿಸಿಕೊಳ್ಳಿ.

ಡಿಡಿ ಫ್ರೀ ಡಿಶ್ ಇರುವವರು ಬೇಸರ ಪಡಬೇಕಿಲ್ಲ. ಅದರಲ್ಲಿ ಬರುವ ಹೆಚ್ಚಿನ ಚಾನೆಲ್‌ಗಳು ಎಸ್‌ಡಿ. 576 ಗೆರೆಗಳ ಚಿತ್ರವನ್ನು 55 ಇಂಚಿಗೆ ಎಳೆದರೆ ಮಂಜು ಮಂಜಾಗಿ ಕಾಣುವುದು ಸಹಜ. ಅದನ್ನು ಶಾರ್ಪ್‌ನೆಸ್ ಏರಿಸಿ ಸರಿಮಾಡಲು ಹೋಗಬೇಡಿ. ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಳ್ಳಿ, ಅದೇ ಸರಿಯಾದ ಮದ್ದು.

2. ಮುಖ ಅಗಲವಾಗಿದ್ದರೆ ಆಕಾರ ಸರಿಮಾಡಿ

1954ರ ‘ಬೇಡರ ಕಣ್ಣಪ್ಪ’ ತೆಗೆದದ್ದು ಹೆಚ್ಚು ಕಡಿಮೆ ಚೌಕದ ಚೌಕಟ್ಟಿನಲ್ಲಿ. ಅದನ್ನು ಅಗಲ ಪರದೆಗೆ ಎಳೆದು ತುಂಬಿಸಿದರೆ ಅಣ್ಣಾವ್ರ ಮುಖ ಉಬ್ಬುತ್ತದೆ, ಎತ್ತಿನ ಗಾಡಿಯ ಚಕ್ರ ಮೊಟ್ಟೆಯಾಗುತ್ತದೆ. ಎಡಬಲಕ್ಕೆ ಕಪ್ಪು ಪಟ್ಟಿ ಇದ್ದರೆ ಇರಲಿ, ದುಡ್ಡು ಕೊಟ್ಟ ಪರದೆ ವ್ಯರ್ಥವಾಯಿತೆಂದು ಅಂದುಕೊಳ್ಳಬೇಡಿ. ಇಂಥ ಹಳೇ ಚಿತ್ರಕ್ಕೆ 4:3, ಈಗಿನ ಕಾರ್ಯಕ್ರಮಕ್ಕೆ 16:9 ಅಥವಾ ಒರಿಜಿನಲ್.

ಇದೇ ಮೆನುವಿನಲ್ಲಿ ಇನ್ನೊಂದು ಕೆಲಸವಿದೆ. ಸುದ್ದಿ ಚಾನೆಲ್ಲಿನಲ್ಲಿ ಕೆಳಗೆ ಓಡುವ ಅಕ್ಷರಗಳ ಬುಡ ಕತ್ತರಿಸಿ ಹೋಗುತ್ತಿದ್ದರೆ, ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಹೊರಗೆ ತಳ್ಳುತ್ತಿದೆ ಎಂದರ್ಥ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಫುಲ್ ಪಿಕ್ಸೆಲ್ ಎಂಬ ಹೆಸರಿರುತ್ತದೆ. ಆನ್ ಮಾಡಿ.

3. ರೂಮಿನ ಬೆಳಕು ನೋಡಿಕೊಂಡು ಮುಂದೆ ಹೋಗಿ

ಜಗಳೂರಿನ ಬಯಲಿನಲ್ಲಿ ಮಧ್ಯಾಹ್ನದ ಬಿಸಿಲು ಬಾಗಿಲಿಂದ ನುಗ್ಗಿ ನಡುಮನೆಯ ತನಕ ಬರುತ್ತದೆ. ಚನ್ನಗಿರಿಯ ತೋಟದ ಮನೆಯಲ್ಲಿ ಅದೇ ಹೊತ್ತಿಗೆ ಲೈಟ್ ಹಾಕಬೇಕಾದ ಮಬ್ಬು. ಈ ಎರಡು ಮನೆಗೂ ಒಂದೇ ಸೆಟ್ಟಿಂಗ್ ಹೊಂದುವುದು ಸಾಧ್ಯವೇ ಇಲ್ಲ. ಆದ್ದರಿಂದ ನೀವು ಹೆಚ್ಚಾಗಿ ಯಾವ ಹೊತ್ತಿನಲ್ಲಿ ಟಿವಿ ನೋಡುತ್ತೀರೋ ಆ ಹೊತ್ತಿನಲ್ಲೇ ಈ ಕೆಲಸಕ್ಕೆ ಕೂರಿ. ಟಿವಿ ಹಚ್ಚಿ ಅರ್ಧ ಗಂಟೆ ಓಡಿದ ಮೇಲೆ ಶುರುಮಾಡಿ.

ಕಿಟಕಿಯ ಅಥವಾ ಬಾಗಿಲಿನ ನೇರ ಎದುರಿನ ಗೋಡೆಗೆ ಟಿವಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಒಂದು ದಪ್ಪ ಪರದೆ ಕಟ್ಟಿ. ದೇವರ ಫೋಟೊ ಸಾಲಿನಷ್ಟು ಎತ್ತರಕ್ಕೆ ಟಿವಿ ತೂಗುಹಾಕುವ ರೂಢಿಯನ್ನೂ ಬಿಡಬೇಕು. ಅನೇಕ ಎಲ್‌ಇಡಿ ಪರದೆಗಳಲ್ಲಿ ಕೆಳಗಿನಿಂದ ಕತ್ತೆತ್ತಿ ನೋಡಿದರೆ ಕಪ್ಪು ಬೂದಾಗುತ್ತದೆ, ಬಣ್ಣ ಸೋರಿಹೋಗುತ್ತದೆ. ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡು ಇದ್ದರೆ ಕತ್ತಿಗೂ ಒಳ್ಳೆಯದು, ಚಿತ್ರಕ್ಕೂ ಒಳ್ಳೆಯದು.

4. ಪಿಕ್ಚರ್ ಮೋಡ್: ವಿವಿಡ್ ಬಿಡಿ, ಸಿನಿಮಾ ಹಿಡಿಯಿರಿ

ಇದೊಂದನ್ನೇ ಮಾಡಿ ನಿಲ್ಲಿಸಿದರೂ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ವಿವಿಡ್, ಡೈನಾಮಿಕ್ ಎಂಬ ಮೋಡ್‌ಗಳು ಮಾರಾಟಕ್ಕೆ ಇರುವಂಥವು. ಅಂಗಡಿಯ ಕಣ್ಣು ಕುಕ್ಕುವ ಟ್ಯೂಬ್‌ಲೈಟ್‌ಗಳ ಕೆಳಗೆ ಪಕ್ಕದ ಟಿವಿಗಿಂತ ಎದ್ದು ಕಾಣಲಿ ಎಂದು ಬೆಳಕು, ಬಣ್ಣ, ನೀಲಿ ಎಲ್ಲವನ್ನೂ ತುದಿಗೇರಿಸಿರುತ್ತಾರೆ. ಸಿನಿಮಾ, ಮೂವಿ ಅಥವಾ ಎಕ್ಸ್‌ಪರ್ಟ್ ಆಯ್ದುಕೊಳ್ಳಿ. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಎಂಬ ಕಂಪನಿಗಳ ಒಕ್ಕೂಟ ಫಿಲ್ಮ್‌ಮೇಕರ್ ಮೋಡ್ ಎಂಬುದನ್ನು ತಂದಿತು. ನಿಮ್ಮ ಟಿವಿಯಲ್ಲಿ ಅದಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಆರಂಭ. ನಿರ್ದೇಶಕರು ನೋಡಿ ಒಪ್ಪಿದ ಚಿತ್ರಕ್ಕೆ ಆದಷ್ಟು ಹತ್ತಿರ ಇರಲಿ ಎಂದೇ ಅದನ್ನು ಮಾಡಿದ್ದು.

ಮೊದಲ ದಿನ ಮಬ್ಬು, ಹಳದಿ ಅನ್ನಿಸುತ್ತದೆ. ಮನೆಯವರು ಗೊಣಗುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ವಿವಿಡ್ ಹಾಕಿ ತೋರಿಸಿ, ಆಗ ಅವರೇ ಕಣ್ಣು ಮುಚ್ಚಿಕೊಳ್ಳುತ್ತಾರೆ.

5. ಟಿವಿ ತಾನಾಗಿ ಮಾಡುವ ಜಾಣತನ ನಿಲ್ಲಿಸಿ

ಡೈನಾಮಿಕ್ ಕಾಂಟ್ರಾಸ್ಟ್, ಎಐ ಪಿಕ್ಚರ್, ಇಕೋ ಸೆನ್ಸರ್, ಕಲರ್ ಎನ್‌ಹ್ಯಾನ್ಸರ್: ಎಲ್ಲ ಆಫ್. ಇವು ಚಾಲೂ ಇದ್ದರೆ ದೃಶ್ಯಕ್ಕೊಂದು ಬೆಳಕು ಬದಲಾಗುತ್ತಿರುತ್ತದೆ, ನೀವು ಹೊಂದಿಸಿದ್ದು ನಿಲ್ಲುವುದೇ ಇಲ್ಲ. ನಾಯ್ಸ್ ರಿಡಕ್ಷನ್ ಮಾತ್ರ ಎಸ್‌ಡಿ ಚಾನೆಲ್ಲಿಗೆ ಲೋ ಇಟ್ಟುಕೊಳ್ಳಬಹುದು.

6. ಬ್ಯಾಕ್‌ಲೈಟ್ ಬೇರೆ, ಬ್ರೈಟ್‌ನೆಸ್ ಬೇರೆ

ಹೆಚ್ಚು ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಬ್ಯಾಕ್‌ಲೈಟ್ ಎಂದರೆ ಪರದೆಯ ಹಿಂದಿನ ದೀಪ. ಇಡೀ ಚಿತ್ರದ ಬೆಳಕು ಅದರ ಕೈಯಲ್ಲಿದೆ. ಬ್ರೈಟ್‌ನೆಸ್ ಎಂಬುದು ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದನ್ನು ಹೇಳುವ ಗುಂಡಿ. ಕಾಂಟ್ರಾಸ್ಟ್ ಎಂಬುದು ಬಿಳಿ ಎಷ್ಟು ಬಿಳಿ ಎಂಬುದನ್ನು. ಕೆಲವು ಕಂಪನಿಗಳು, ಉದಾಹರಣೆಗೆ ಸೋನಿ, ದೀಪಕ್ಕೇ ಬ್ರೈಟ್‌ನೆಸ್ ಎಂದು ಹೆಸರಿಟ್ಟು, ಕಪ್ಪಿನ ಗುಂಡಿಗೆ ಬ್ಲ್ಯಾಕ್ ಲೆವೆಲ್ ಎನ್ನುತ್ತವೆ. ನಿಮ್ಮದರಲ್ಲಿ ಯಾವುದು ಯಾವುದು ಎಂದು ಮೊದಲು ಪತ್ತೆ ಮಾಡಿ. ಚಿತ್ರ ಮಬ್ಬೆಂದು ಬ್ರೈಟ್‌ನೆಸ್ ಏರಿಸಿದರೆ ಕಪ್ಪೆಲ್ಲ ಬೂದಿ ಬಳಿದಂತಾಗುತ್ತದೆ. ಬೆಳಕು ಬೇಕಿದ್ದರೆ ಏರಿಸಬೇಕಾದದ್ದು ಬ್ಯಾಕ್‌ಲೈಟ್.

ಕಪ್ಪಿಗೆ ಪರೀಕ್ಷೆ: ರಾತ್ರಿ ಲೈಟ್ ಕಡಿಮೆ ಮಾಡಿ ‘ಕೆಜಿಎಫ್’ ಚಾಪ್ಟರ್ 2 ಹಾಕಿ. 2022ರ ಈ ಚಿತ್ರದಲ್ಲಿ ಛಾಯಾಗ್ರಾಹಕ ಭುವನ್ ಗೌಡ ಗಣಿಯ ಮಸಿ, ಕಪ್ಪು ಬಟ್ಟೆ, ಕಪ್ಪು ಗಡ್ಡ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ತೆಗೆದಿದ್ದಾರೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರುತ್ತದಲ್ಲ, ಅದರ ಮೇಲೆ ಕಣ್ಣಿಡಿ. ಬ್ರೈಟ್‌ನೆಸ್ ಏರಿಸುತ್ತಾ ಹೋಗಿ, ಪಟ್ಟಿ ಬೂದಾಗುತ್ತದೆ. ಈಗ ಒಂದೊಂದೇ ಇಳಿಸಿ. ಪಟ್ಟಿ ಇನ್ನು ಕಪ್ಪಾಗುವುದಿಲ್ಲ ಎನ್ನುವ ಜಾಗ ಸಿಗುತ್ತದೆ, ಅಲ್ಲೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಗಡ್ಡ ಎಳೆ ಎಳೆಯಾಗಿ ಕಾಣಬೇಕು, ಕಪ್ಪು ಅಂಗಿಯ ಮಡಿಕೆ ಕಾಣಬೇಕು. ಕಾಣದಿದ್ದರೆ ಒಂದೆರಡು ಅಂಕಿ ಮೇಲಕ್ಕೆ. ಅದೇ ವರ್ಷದ ‘ಕಾಂತಾರ’ದಲ್ಲಿ ಅರವಿಂದ್ ಎಸ್. ಕಶ್ಯಪ್ ಸೆರೆಹಿಡಿದ ರಾತ್ರಿಯ ಕೋಲದ ದೃಶ್ಯ ಇದಕ್ಕೆ ಎರಡನೇ ಪರೀಕ್ಷೆ. ದೀವಟಿಗೆಯ ಬೆಳಕು ಉರಿಯುವಂತಿರಬೇಕು, ಹಿಂದೆ ನಿಂತ ಜನರ ಮುಖವೂ ಕತ್ತಲಲ್ಲಿ ಮುಳುಗಬಾರದು.

ಬಿಳಿಗೆ ಪರೀಕ್ಷೆ: ಹಗಲಿನಲ್ಲಿ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟವರು ಇರುವ ದೃಶ್ಯ ಹುಡುಕಿ. ರಾಜಕೀಯ ಸಭೆಯ ವರದಿ ಸಾಕು, ಅಲ್ಲಿ ಬಿಳಿ ಬಟ್ಟೆಗೆ ಬರವಿಲ್ಲ. ಇಸ್ತ್ರಿಯ ಗೆರೆ, ಜೇಬಿನ ಅಂಚು, ಗುಂಡಿ ಕಾಣುವ ತನಕ ಕಾಂಟ್ರಾಸ್ಟ್ ಇಳಿಸಿ. ಬಟ್ಟೆಯೆಲ್ಲ ಒಂದೇ ಬಿಳಿ ಮುದ್ದೆಯಾಗಿದ್ದರೆ ಕಾಂಟ್ರಾಸ್ಟ್ ಹೆಚ್ಚಾಯಿತು.

ಇನ್ನೂ ಕರಾರುವಾಕ್ಕಾಗಿ ಬೇಕೆನ್ನುವವರಿಗೆ ಎವಿಎಸ್ ಎಚ್‌ಡಿ 709 ಎಂಬ ಪರೀಕ್ಷಾ ಚಿತ್ರಗಳ ಕಟ್ಟು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಟಿವಿಗೆ ಚುಚ್ಚಿ. ವಿಡಿಯೊದಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಹಾಗಾಗಿ 16ನೇ ಪಟ್ಟಿ ಕಾಣಬಾರದು, 17, 18 ಸಣ್ಣಗೆ ಮಿನುಗಬೇಕು. ಬಿಳಿಯ ಕಡೆ 234ರವರೆಗೆ ಪಟ್ಟಿಗಳು ಬೇರೆ ಬೇರೆಯಾಗಿ ಕಾಣಬೇಕು.

ಕೊನೆಗೆ ಬ್ಯಾಕ್‌ಲೈಟ್. ಸಾಮಾನ್ಯ ಚಿತ್ರಕ್ಕೆ ಸ್ಟುಡಿಯೊದವರು ಬಣ್ಣ ತಿದ್ದುವುದು ಮಬ್ಬು ಕೋಣೆಯಲ್ಲಿ, ಸುಮಾರು 100 ನಿಟ್ ಬೆಳಕಿನ ಪರದೆಯ ಮುಂದೆ. ನಿಮ್ಮ ಟಿವಿ ಅದಕ್ಕಿಂತ ಎಷ್ಟೋ ಪಟ್ಟು ಬೆಳಗಬಲ್ಲದು. ಹಗಲಿಗೊಂದು, ರಾತ್ರಿಗೊಂದು ಅಂಕಿ ಇಟ್ಟುಕೊಳ್ಳಿ. ಎಕ್ಸ್‌ಪರ್ಟ್ ಮೋಡ್‌ನಲ್ಲಿ ಹಗಲು–ರಾತ್ರಿ ಎಂದು ಎರಡು ಇದ್ದರೆ ಇನ್ನೂ ಸಲೀಸು. ಜಗಳೂರಿನ ಹಗಲಿಗೆ ಬ್ಯಾಕ್‌ಲೈಟ್ ತುದಿಯಲ್ಲೇ ಇದ್ದರೂ ತಪ್ಪಿಲ್ಲ, ರಾತ್ರಿಗೆ ಅರ್ಧಕ್ಕಿಂತ ಕೆಳಗೆ ಇಳಿಸಿ. ಎಲ್‌ಇಡಿ ಟಿವಿಯಲ್ಲಿ ಕರೆಂಟ್ ಹೆಚ್ಚಾಗಿ ಹೋಗುವುದೇ ಈ ದೀಪಕ್ಕೆ, ಆದ್ದರಿಂದ ಬಿಲ್ಲಿಗೂ ಲಾಭ.

7. ಕಲರ್ ಟೆಂಪರೇಚರ್ ವಾರ್ಮ್‌ಗೆ

ಕೂಲ್ ಇಟ್ಟರೆ ಬಿಳಿಯೆಲ್ಲ ನೀಲಿ. ಒಗೆದು ನೀಲಿ ಹಾಕಿದ ಬಟ್ಟೆ ನೋಡಿ ಬೆಳೆದ ಕಣ್ಣಿಗೆ ಅದೇ ಸ್ವಚ್ಛ ಬಿಳಿ ಅನ್ನಿಸುತ್ತದೆ. ಆದರೆ ಪ್ರಪಂಚದ ಎಲ್ಲ ಕಡೆ ಟಿವಿ ಚಿತ್ರಕ್ಕೆ ಒಪ್ಪಿಕೊಂಡ ಬಿಳಿ ಡಿ65, ಅಂದರೆ ಸುಮಾರು 6500 ಕೆಲ್ವಿನ್‌ನ ಹಗಲು ಬೆಳಕು. ವಾರ್ಮ್, ಎರಡು ಇದ್ದರೆ ವಾರ್ಮ್ 2, ಇದಕ್ಕೆ ಹತ್ತಿರ ಬರುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸುವ ಸುಲಭ ದಾರಿಯಿದೆ. ನಮ್ಮ ಮನೆಗಳಲ್ಲಿರುವ ಎಲ್‌ಇಡಿ ಟ್ಯೂಬ್‌ಲೈಟ್‌ನ ಡಬ್ಬಿ ನೋಡಿ, ಕೂಲ್ ಡೇ ಲೈಟ್, 6500ಕೆ ಎಂದು ಬರೆದಿರುತ್ತದೆ. ಆ ಟ್ಯೂಬ್‌ಲೈಟ್ ಹಚ್ಚಿ, ಒಂದು ಬಿಳಿ ಹಾಳೆಯನ್ನು ಟಿವಿಯ ಪಕ್ಕ ಹಿಡಿಯಿರಿ. ಪರದೆಯ ಮೇಲೆ ಬಿಳಿ ತುಂಬಿದ ಚಿತ್ರ ಇರಲಿ. ಕೂಲ್, ನಾರ್ಮಲ್, ವಾರ್ಮ್ ಒಂದೊಂದಾಗಿ ಬದಲಿಸುತ್ತಾ ಯಾವುದು ಹಾಳೆಯ ಬಿಳಿಗೆ ಹತ್ತಿರ ಎಂದು ನೋಡಿ. ಉಪಕರಣದ ಅಳತೆಯಷ್ಟು ಖಚಿತವಲ್ಲ, ಆದರೆ ಕೂಲ್‌ನ ನೀಲಿ ಎಷ್ಟು ಅತಿ ಎಂಬುದು ಮನೆಮಂದಿಗೆಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೆನುವಿನ ಒಳಗೆ ವೈಟ್ ಬ್ಯಾಲೆನ್ಸ್ ಎಂದು ಕೆಂಪು, ಹಸಿರು, ನೀಲಿಯ ಅಂಕಿಗಳು ಸಿಕ್ಕರೆ ಮುಟ್ಟಬೇಡಿ. ಅಳತೆಯ ಉಪಕರಣ ಇಲ್ಲದೆ ಅಲ್ಲಿ ಕೈಯಾಡಿಸಿದರೆ ಕೆಡುವುದೇ ಹೆಚ್ಚು.

8. ಬಣ್ಣಕ್ಕೆ ಮುಖವೇ ಅಳತೆಗೋಲು

ಕಲರ್ ಗುಂಡಿಯನ್ನು ಸಿನಿಮಾ ಮೋಡ್ ಕೊಟ್ಟ ಅಂಕಿಯಲ್ಲೇ, ಹೆಚ್ಚಾಗಿ 50ರಲ್ಲಿ, ಬಿಡುವುದು ಕ್ಷೇಮ. ಸಂಶಯ ಬಂದರೆ ವಾರ್ತೆ ಓದುವವರ ಮುಖ ನೋಡಿ. ಕೆನ್ನೆ, ಹಣೆ, ಕುತ್ತಿಗೆಯ ಬಣ್ಣದಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಕಾಣಬೇಕು. ಮುಖ ಪೂರ್ತಿ ಒಂದೇ ಕೆಂಪಾಗಿದ್ದರೆ ಎರಡೆರಡು ಅಂಕಿ ಇಳಿಸಿ. ಮುಖ ಹಸಿರು ಅಥವಾ ನೇರಳೆಯತ್ತ ವಾಲಿದ್ದರೆ ಮಾತ್ರ ಟಿಂಟ್ ಮುಟ್ಟಿ, ಇಲ್ಲದಿದ್ದರೆ ಅದು ನಡುವಿನಲ್ಲೇ ಇರಲಿ.

ಕೆಂಪಿನ ವಿಷಯದಲ್ಲಿ ಚನ್ನಗಿರಿಯವರ ಕಣ್ಣಿಗೆ ಸಾಟಿಯಿಲ್ಲ. ಸುಲಿದು, ಬೇಯಿಸಿ, ಚೊಗರು ಕಟ್ಟಿ ಒಣಗಿಸಿದ ಅಡಿಕೆಯ ಕೆಂಪಿನಲ್ಲೇ ದರ ನಿಂತಿದೆ. ಅಡಿಕೆ ಮಾರಾಟದ ಸಹಕಾರ ಸಂಘ ತುಮ್ಕೋಸ್‌ಗೆ ಚೀಲ ಒಯ್ಯುವವರು ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಅಂಗೈಯಲ್ಲಿಟ್ಟು ಹೇಳುತ್ತಾರೆ. ಅಂಥ ಕಣ್ಣಿನವರು ಟಿವಿಯಲ್ಲಿ ಅಡಿಕೆ ಮಾರುಕಟ್ಟೆಯ ಸುದ್ದಿ ಬಂದಾಗ ಒಂದು ನಿಮಿಷ ಬಣ್ಣವನ್ನಷ್ಟೇ ನೋಡಿ. ರಾಶಿಯಲ್ಲಿನ ಕಂದು–ಕೆಂಪಿನ ಹತ್ತಾರು ಛಾಯೆ ಕಾಣುತ್ತಿದೆಯೋ, ಎಲ್ಲ ಕುಂಕುಮದ ಹಾಗೆ ಒಂದೇ ಆಗಿದೆಯೋ? ಎರಡನೆಯದಾದರೆ ಕಲರ್ ಇಳಿಸಿ.

ಹಸಿರಿಗೂ ನಮ್ಮ ಸೀಮೆಯೇ ಸಾಕ್ಷಿ. ಹೊನ್ನಾಳಿಯ ನಾಟಿ ಗದ್ದೆಯ ಎಳೆ ಹಸಿರು, ನ್ಯಾಮತಿಯ ಮೆಕ್ಕೆಜೋಳದ ಗರಿಯ ಗಟ್ಟಿ ಹಸಿರು, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಮೇಯುವ ಕುರುಚಲು ಕಾಡಿನ ಬೂದು ಹಸಿರು: ಮೂರೂ ಬೇರೆ. ಪುನೀತ್ ರಾಜ್‌ಕುಮಾರ್ ಮತ್ತು ಅಮೋಘವರ್ಷ ಸೇರಿ ಮಾಡಿದ, 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಗಂಧದ ಗುಡಿ’ ಹಾಕಿ ನೋಡಿ. ಕರ್ನಾಟಕದ ಕಾಡಿನ ಎಷ್ಟೋ ಬಗೆಯ ಹಸಿರು ಅದರಲ್ಲಿದೆ. ನಿಮ್ಮ ಪರದೆಯಲ್ಲಿ ಕಾಡು ಬದಲಾದರೂ ಹಸಿರು ಬದಲಾಗದಿದ್ದರೆ ತಪ್ಪು ಕಲರ್ ಗುಂಡಿಯದು.

9. ಶಾರ್ಪ್‌ನೆಸ್ ಇಳಿಸಿ, ಒತ್ತಕ್ಷರ ನೋಡಿ

ಶಾರ್ಪ್‌ನೆಸ್ ಹೊಸ ವಿವರ ತರುವುದಿಲ್ಲ. ಇರುವ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ಇದನ್ನು ಹಿಡಿಯಲು ಕನ್ನಡ ಸುದ್ದಿಯ ಓಡುವ ಸಾಲಿಗಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಡ. ‘ರಾಷ್ಟ್ರ’, ‘ಕ್ಷೇತ್ರ’ ಎಂಬ ಪದ ಬಂದಾಗ ವಿರಾಮ ಒತ್ತಿ, ಹತ್ತಿರ ಹೋಗಿ ನೋಡಿ. ಒತ್ತಕ್ಷರಗಳ ಸುತ್ತ ತೆಳ್ಳನೆಯ ಬೆಳ್ಳನೆಯ ಅಥವಾ ಕಪ್ಪು ನೆರಳು ಇದ್ದರೆ, ಅದು ಮಾಯವಾಗುವ ತನಕ ಇಳಿಸಿ. ಬಹುಪಾಲು ಟಿವಿಗಳಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಸೋನಿಯಲ್ಲಿ ಮಾತ್ರ 50 ಎಂಬುದೇ ಏನೂ ಸೇರಿಸದ ಜಾಗ, ಅದಕ್ಕಿಂತ ಇಳಿಸಿದರೆ ಚಿತ್ರ ಮಸುಕಾಗುತ್ತದೆ.

10. ಸಿನಿಮಾವನ್ನು ಧಾರಾವಾಹಿ ಮಾಡುವ ಗುಂಡಿ ಆಫ್ ಮಾಡಿ

ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಟಿವಿ ಆ ಚೌಕಟ್ಟುಗಳ ನಡುವೆ ತಾನೇ ಹೊಸ ಚೌಕಟ್ಟು ಊಹಿಸಿ ತುಂಬುತ್ತದೆ. ಆಗ ಚಲನೆ ಎಣ್ಣೆ ಸುರಿದಂತೆ ಜಾರುತ್ತದೆ, ದೊಡ್ಡ ಸಿನಿಮಾ ಕೂಡ ಸ್ಟುಡಿಯೊ ಧಾರಾವಾಹಿಯಂತೆ ಕಾಣುತ್ತದೆ, ಹೊಡೆದಾಟದಲ್ಲಿ ಕೈಕಾಲಿನ ಸುತ್ತ ಚಿತ್ರ ಒಡೆಯುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ದಯವಿಟ್ಟು ಆಫ್ ಮಾಡಿ ಎಂದು ಕೇಳಿಕೊಂಡೇ ಒಂದು ವಿಡಿಯೊ ಬಿಟ್ಟರು. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಎಂದು ಹುಡುಕಿ. ಕ್ರಿಕೆಟ್, ಕಬಡ್ಡಿ ನೋಡುವಾಗ ಬೇಕಿದ್ದರೆ ಲೋ ಇಡಿ.

11. ಎಚ್‌ಡಿಆರ್‌ಗೆ ಬೇರೆ ಲೆಕ್ಕ

ಓಟಿಟಿಯಲ್ಲಿ ಬೆಳಕು–ಕತ್ತಲಿನ ಅಂತರ ಹೆಚ್ಚಿರುವ ಎಚ್‌ಡಿಆರ್ ಅಥವಾ ಡಾಲ್ಬಿ ವಿಷನ್ ಚಿತ್ರ ಶುರುವಾದಾಗ ಟಿವಿ ಮೋಡ್ ಬದಲಿಸಿಕೊಳ್ಳುತ್ತದೆ, ನೀವು ಮಾಡಿದ್ದು ಅಲ್ಲಿಗೆ ಅನ್ವಯಿಸುವುದಿಲ್ಲ. ಆಗ ಮತ್ತೆ ಮೆನುಗೆ ಹೋಗಿ ಸಿನಿಮಾ ಮೋಡ್, ವಾರ್ಮ್ ಆಯ್ದು, ಮೋಷನ್ ಆಫ್ ಮಾಡಿ, ಬ್ಯಾಕ್‌ಲೈಟ್ ಮಾತ್ರ ತುದಿಯಲ್ಲಿರಲಿ. ಕಡಿಮೆ ಬೆಲೆಯ ಟಿವಿಗಳಿಗೆ ಡಬ್ಬಿಯ ಮೇಲೆ ಎಚ್‌ಡಿಆರ್ ಎಂದಿದ್ದರೂ ಅದಕ್ಕೆ ಬೇಕಾದ ಬೆಳಕಿನ ತಾಕತ್ತು ಇರುವುದಿಲ್ಲ. ಚಿತ್ರ ಮಬ್ಬಾಗಿಯೇ ಇದ್ದರೆ ರೂಮಿನ ಲೈಟ್ ಆರಿಸಿ ನೋಡುವುದೇ ದಾರಿ.

12. ಕಪ್ಪು–ಬಿಳುಪಿನಲ್ಲಿ ಕೊನೆಯ ಪರೀಕ್ಷೆ

ಎಲ್ಲ ಮುಗಿದ ಮೇಲೆ ಒಂದು ಕಪ್ಪು–ಬಿಳುಪು ಸಿನಿಮಾ ಹಾಕಿ. ಬಣ್ಣವೇ ಇಲ್ಲದ ಚಿತ್ರದಲ್ಲಿ ಬಣ್ಣ ಕಂಡರೆ ಅದು ಟಿವಿ ಸೇರಿಸಿದ್ದು. ಬೂದು ಭಾಗ ಗುಲಾಬಿಗೋ ಹಸಿರಿಗೋ ತಿರುಗಿದ್ದರೆ ಏಳನೇ ಸೂತ್ರಕ್ಕೆ ಹಿಂದಿರುಗಿ.

ಇದಕ್ಕೆ ನನ್ನ ಆಯ್ಕೆ 1959ರ ‘ಕಾಗಜ್ ಕೆ ಫೂಲ್’. ಛಾಯಾಗ್ರಾಹಕ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಖಾಲಿ ಸ್ಟುಡಿಯೊದಲ್ಲಿ ಮೇಲಿಂದ ಇಳಿಯುವ ಬೆಳಕಿನ ಕೋಲು, ಅದರೊಳಗೆ ತೇಲುವ ದೂಳು, ಸುತ್ತಲಿನ ಕತ್ತಲು. ವಿವಿಡ್ ಮೋಡ್‌ನಲ್ಲಿ ಆ ಕೋಲು ಬರೀ ಬಿಳಿ ಪಟ್ಟಿ. ಹೊಂದಿಸಿದ ಟಿವಿಯಲ್ಲಿ ಬೆಳಕು ಕತ್ತಲಿಗೆ ಹಂತಹಂತವಾಗಿ ಕರಗುವುದು ಕಾಣುತ್ತದೆ. ಅಷ್ಟು ಶ್ರದ್ಧೆಯಿಂದ ಬೆಳಕು ಹಾಕಿದವರ ಕೆಲಸ ಅವರು ಬಯಸಿದ ಹಾಗೆ ನಮ್ಮ ನಡುಮನೆಗೆ ಬರಬೇಕು.

13. ಎಲ್ಲ ಇನ್‌ಪುಟ್‌ಗೂ ಮಾಡಿ, ಬರೆದಿಡಿ

ಅನೇಕ ಟಿವಿಗಳು ಸೆಟ್‌ಟಾಪ್ ಬಾಕ್ಸ್, ಪೆನ್‌ಡ್ರೈವ್, ಯೂಟ್ಯೂಬ್ ಒಂದೊಂದಕ್ಕೂ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ‘ಅಪ್ಲೈ ಟು ಆಲ್’ ಎಂಬುದಿದ್ದರೆ ಒತ್ತಿ, ಇಲ್ಲದಿದ್ದರೆ ಒಂದೊಂದಾಗಿ ಹೊಂದಿಸಿ. ಪಕ್ಕದ ಮನೆಯವರ ಟಿವಿ ಅದೇ ಮಾಡೆಲ್ ಆಗಿದ್ದರೂ ಅವರ ಅಂಕಿ ನಕಲು ಮಾಡಬೇಡಿ. ಪರದೆಯಿಂದ ಪರದೆಗೆ ವ್ಯತ್ಯಾಸ ಇರುತ್ತದೆ, ರೂಮಿನ ಬೆಳಕಂತೂ ಬೇರೆಯೇ.

ಮೆನುವಿನ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ, ಟಿವಿ ರೀಸೆಟ್ ಆದಾಗ, ಮಕ್ಕಳು ರಿಮೋಟ್ ಒತ್ತಿದಾಗ ಎಲ್ಲ ಅಳಿಸಿಹೋಗಬಹುದು. ಟಿವಿ ಡಬ್ಬಿಯ ಜತೆ ಬಂದ ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ಇಷ್ಟು ಬರೆದಿಡಿ: ಮೋಡ್, ಹಗಲಿನ ಬ್ಯಾಕ್‌ಲೈಟ್, ರಾತ್ರಿಯ ಬ್ಯಾಕ್‌ಲೈಟ್, ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್, ಶಾರ್ಪ್‌ನೆಸ್, ಕಲರ್ ಟೆಂಪರೇಚರ್. ಜತೆಗೆ ಹೊಂದಿಸಿದ ತಾರೀಖು.